ಹುಗ್ಗಿ ಬಿಟ್ಟು ಬರೆದ ಪಟ್ಟಿ

ನನ್ನ ಮಗಳ ಮದುವೆಯ ಊಟವನ್ನು ಕೆಡಿಸಿದವರು ನನ್ನ ವೈನಿ ಎಂದು ನಮ್ಮ ಬಳಗದಲ್ಲಿ ಒಂಬತ್ತು ವರ್ಷದಿಂದ ಮಾತಿದೆ. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಆ ಮಾತು ಸುಳ್ಳು. ಕೆಡಿಸಿದವನು ನಾನು. ಇದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಅವರು ಹೇಳಲಿಲ್ಲ, ನಾನೂ ಹೇಳಲಿಲ್ಲ. ಅವರು ಹೇಳದಿರುವುದಕ್ಕೆ ಒಂದು ಕಾರಣವಿತ್ತು. ನನ್ನದು ಬರೀ ಹೆದರಿಕೆ.

ನಾನು ಭಾಲ್ಕಿಯಲ್ಲಿ ಟಪಾಲು ಹಂಚಿ ನಿವೃತ್ತನಾದವನು. ಓದಿದ್ದು ಮೆಟ್ರಿಕ್. ನಮ್ಮ ಮೂಲ ಹಲಬರ್ಗಾ. ಅಣ್ಣ ಅಲ್ಲೇ ಕುರಿ, ಹೊಲ ನೋಡಿಕೊಂಡು ಇದ್ದ. ಅವನು ತೀರಿಕೊಂಡ ಮೇಲೆ ವೈನಿ ಅದೇ ಮನೆಯಲ್ಲಿದ್ದಾರೆ. ಅವರಿಗೆ ಓದು ಬರಹ ಬರುವುದಿಲ್ಲ. ಆದರೆ ಮದುವೆ, ತೊಟ್ಟಿಲು, ಗೃಹಪ್ರವೇಶ ಏನೇ ಇರಲಿ, ಊಟಕ್ಕೆ ಏನೇನು ಮಾಡಿಸಬೇಕು ಎಂಬ ಪಟ್ಟಿ ಅವರ ಬಾಯಿಂದಲೇ ಬರಬೇಕು. ಎಷ್ಟು ಮಂದಿ ಬರುತ್ತಾರೆ ಎಂದಷ್ಟೇ ಅವರು ಕೇಳುತ್ತಿರಲಿಲ್ಲ. ಯಾವ ಊರಿನ ಮಂದಿ ಎಂದೂ ಕೇಳುತ್ತಿದ್ದರು. ಜನವಾಡದವರು ಅನ್ನ ಹೆಚ್ಚು ಉಣ್ಣುತ್ತಾರೆ, ಬಗದಲ್ ಕಡೆಯವರು ರೊಟ್ಟಿ ಇಲ್ಲದೆ ಏಳುವುದಿಲ್ಲ ಎನ್ನುತ್ತಿದ್ದರು. ಅವರ ಅಂದಾಜು ತಪ್ಪಿದ್ದನ್ನು ನಾನು ಕಂಡಿಲ್ಲ. ಆ ಊರುಗಳಿಂದಲೂ ಜನ ಬಂದು ಅವರ ಕಟ್ಟೆಯ ಮೇಲೆ ಕೂತು ಪಟ್ಟಿ ಬರೆದುಕೊಂಡು ಹೋಗುತ್ತಿದ್ದರು.

ಅಂಥವರ ಮೇಲೆ ನನಗೆ ಸಂಶಯ ಹುಟ್ಟಿತು. ಅದು ಹುಟ್ಟಿದ್ದು ಮಗಳ ಮದುವೆಗೂ ಮುಂಚೆ. ಅಣ್ಣ ತೀರಿಕೊಂಡ ಎರಡನೇ ವರ್ಷ ಅವರ ಮಗಳ ಮದುವೆಯಾಯಿತು. ಮನೆಯ ಹಿರಿಯ ಎಂದು ಊಟವನ್ನು ನಾನೇ ಗೊತ್ತು ಮಾಡಿದೆ. ಅನ್ನ, ಬ್ಯಾಳಿ, ಮೇಲೆ ಒಂದು ಹಿಡಿ ಬೂಂದಿ, ಮುಗಿಯಿತು. ಯಾರು ನೋಡುತ್ತಾರೆ, ಸಾಕು ಎಂದಿದ್ದೆ. ಎಲ್ಲರ ಮನೆಯ ಪಟ್ಟಿ ಹೇಳುವ ಹೆಂಗಸಿಗೆ ಸ್ವಂತ ಮಗಳ ಮದುವೆಯಲ್ಲಿ ಏನು ಬೇಕೆಂದು ನಾನು ಕೇಳಲಿಲ್ಲ. ಅವರು "ಹೂಂ" ಎಂದರು, ಅಷ್ಟೇ. ಆ "ಹೂಂ" ನನ್ನ ಕಿವಿಯಲ್ಲಿ ಉಳಿಯಿತು. ಇದನ್ನು ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ, ಒಂದು ದಿನ ತೀರಿಸಿಕೊಳ್ಳುತ್ತಾರೆ ಎಂದು ನಾನು ಕಾಯುತ್ತಿದ್ದೆ.

ನನ್ನ ಮಗಳನ್ನು ಕೇಳಿಕೊಂಡು ಔರಾದಿನಿಂದ ಬೀಗರು ಬಂದರು. ಅಲ್ಲಿ ಅವರದು ಬೀಜ ಗೊಬ್ಬರದ ಅಂಗಡಿ. ಹುಡುಗ ಚೆನ್ನಾಗಿದ್ದ, ಅವನ ತಾಯಿಯೂ ಮಾತಿನವಳು. ಆದರೆ ಅವನ ತಂದೆ ಬಾಯಿಗೆ ಶಲ್ಯ ಅಡ್ಡ ಇಟ್ಟುಕೊಂಡೇ ಕೂತಿದ್ದರು. ಮಾತಾಡಿದರೆ ಹಲ್ಲಿನ ಸಂದಿಯಿಂದ ಎರಡು ಶಬ್ದ. ನಾವು ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ಕೊಟ್ಟಿದ್ದೆವು. ಅವರು ಮುಟ್ಟಲಿಲ್ಲ. ಚಹಾ ಮಾತ್ರ ಬಸಿಗೆ ಸುರಿದುಕೊಂಡು ಹೀರಿದರು. ಅವರು ಹೋದ ಮೇಲೆ ನಾನು ಹೆಂಡತಿಗೆ ಹೇಳಿದೆ, ಆ ಮನುಷ್ಯ ನಮ್ಮ ಮನೆಯ ಅನ್ನ ಮುಟ್ಟಲಿಲ್ಲ, ಏನೋ ಇದೆ ಎಂದು.

"ಹೊಟ್ಟಿ ಸರಿ ಇರಲಿಕ್ಕಿಲ್ಲ ಬಿಡ್ರಿ," ಎಂದಳು ಅವಳು. "ಎಲ್ಲಾರೂ ನಿಮ್ಮಂಗ ತಾಟು ನೆಕ್ಕಬೇಕೇನು?"

ವೈನಿ ಒಳಬಾಗಿಲ ಹತ್ತಿರ ಕೂತಿದ್ದರು. ಬೀಗರ ತಟ್ಟೆಯನ್ನೇ ನೋಡುತ್ತಿದ್ದರು.

ಮಾತು ಗಟ್ಟಿಯಾಯಿತು, ದಿನ ಗೊತ್ತಾಯಿತು. ಹದಿನೈದು ದಿನ ಕಳೆದಿರಬೇಕು. ನನ್ನ ಜೊತೆ ಟಪಾಲು ಕೆಲಸದಲ್ಲಿದ್ದ ಒಬ್ಬ ಗೆಳೆಯ ದಾರಿಯಲ್ಲಿ ಸಿಕ್ಕು, ನಿಮ್ಮ ವೈನಿಯನ್ನು ಔರಾದ ಬಸ್‌ಸ್ಟ್ಯಾಂಡಿನಲ್ಲಿ ನೋಡಿದೆ, ಯಾರೋ ಹೆಣ್ಣುಮಗಳು ಅವರ ಕೈ ಹಿಡಿದುಕೊಂಡು ಅಳುತ್ತಿದ್ದಳು ಎಂದ. ಆ ಹೆಣ್ಣುಮಗಳ ಚಹರೆ ಕೇಳಿದರೆ ನಮ್ಮ ಬೀಗತಿಯೇ. ಆ ದಿನ ಕಣ್ಣು ತೋರಿಸಲು ಬೀದರಿಗೆ ಹೋಗುತ್ತೇನೆ ಎಂದು ವೈನಿ ನಮಗೆ ಹೇಳಿದ್ದರು.

ಮಗಳ ಬಗ್ಗೆ ಇಲ್ಲದ್ದನ್ನು ಹೇಳಿ ಬಂದಿದ್ದಾರೆ, ಇಲ್ಲದಿದ್ದರೆ ಬೀಗತಿ ಯಾಕೆ ಅಳಬೇಕು? ಮರುದಿನವೇ ಹಲಬರ್ಗಾಕ್ಕೆ ಹೋದೆ. ಬೀದರಿನ ಡಾಕ್ಟರು ಏನೆಂದರು ಎಂದು ಸುತ್ತು ಬಳಸಿ ಕೇಳಿದೆ. ವೈನಿ ತಲೆ ಎತ್ತದೆ, "ಹನಿ ಕೊಟ್ಟಾರ, ಹಾಕ್ಕೋ ಅಂದಾರ," ಎಂದರು. ಅವರು ನೀರಿಗೆ ಹೊರಗೆ ಹೋದಾಗ ನಾನು ಗೋಡೆಯ ಗೂಡಿನಲ್ಲಿ, ದೇವರ ಮುಂದೆ, ಹಾಸಿಗೆಯ ಕೆಳಗೆ ಕೈ ಹಾಕಿ ಹುಡುಕಿದೆ. ಹನಿಯ ಶೀಶೆ ಎಲ್ಲೂ ಇರಲಿಲ್ಲ. ತಾಯಿಯಂಥವರ ಹಾಸಿಗೆ ತಡಕಿದ್ದಕ್ಕೆ ನನಗೆ ಆಗ ನಾಚಿಕೆಯಾಗಲಿಲ್ಲ. ಕಳ್ಳ ಸಿಕ್ಕ ಎನ್ನುವಂಥ ಸಮಾಧಾನವೇ ಆಯಿತು.

ಪಟ್ಟಿ ಬರೆಯುವ ದಿನ ವೈನಿ ಭಾಲ್ಕಿಗೆ ಬಂದರು. ನಾನು ಕಾಗದ, ಪೆನ್ನು ಹಿಡಿದು ಕೂತೆ. ನಮ್ಮಲ್ಲಿ ಪಟ್ಟಿ ಹೇಳುವವರು ಅವರು, ಬರೆಯುವವನು ನಾನು. ಇಪ್ಪತ್ತು ವರ್ಷದಿಂದ ಹಾಗೆಯೇ.

"ಬರಿ ತಮ್ಮಾ. ಗೋಧಿ ಹುಗ್ಗಿ. ಗೋಧಿ ಎರಡ ಸಲ ಕುಟ್ಟಸಬೇಕು, ಹಾಲು ಜಾಸ್ತಿ, ತೆಳ್ಳಗ ಇರಬೇಕು. ಮೆತ್ತನ್ನ ಅನ್ನ. ಕಟ್ಟಿನ ಸಾರು. ಖಾರ ಇಲ್ಲದ್ದು ಒಂದು ಹಂಡೆ ಬ್ಯಾರೆ. ಸೋರಿಕಾಯಿ ಪಲ್ಯ."

"ವೈನಿ, ಇದು ಮದವಿ ಊಟ ಏನ್ರಿ, ದವಾಖಾನಿ ಊಟ ಏನ್ರಿ?"

"ಮದವೀದೇ. ಬರಿ."

ಲಾಡು, ಮಿರ್ಚಿ ಭಜಿ ಇಲ್ಲದಿದ್ದರೆ ಮಂದಿ ಏನನ್ನುತ್ತಾರೆ ಎಂದು ಕೇಳಿದೆ. ಅನ್ನುವವರು ಏನಿದ್ದರೂ ಅನ್ನುತ್ತಾರೆ ಎಂದರು. ಆಮೇಲೆ ನನ್ನ ಮುಖ ನೋಡಿ, "ಬೀಗರಿಗೆ ತುತ್ತು ಹುಗ್ಗಿದೇ ಹಾಕು. ಚಮಚದಾಗ. ಮರೀಬ್ಯಾಡ," ಎಂದರು.

ನಮ್ಮಲ್ಲಿ ಅಕ್ಷತೆ ಬಿದ್ದ ಮೇಲೆ ಮೊದಲು ಕೂಡುವುದು ಬೀಗರ ಪಂಕ್ತಿ. ಹೆಣ್ಣಿನ ತಂದೆ ಬಂದು ಗಂಡಿನ ತಂದೆಯ ಬಾಯಿಗೆ ಮೊದಲ ತುತ್ತು ಹಾಕಬೇಕು. ಅದು ಒಳಗೆ ಹೋಗುವವರೆಗೆ ಆ ಪಂಕ್ತಿಯಲ್ಲಿ ಯಾರೂ ಎಲೆಗೆ ಕೈ ಹಚ್ಚುವಂತಿಲ್ಲ. ಎಲ್ಲರೂ ಅದನ್ನೇ ನೋಡುತ್ತಿರುತ್ತಾರೆ. ಅಂಥ ಹೊತ್ತಿಗೆ ರೋಗಿಗೆ ಹಾಕುವಂತೆ ತೆಳ್ಳನೆಯ ಹುಗ್ಗಿಯನ್ನು ಚಮಚದಲ್ಲಿ ಹಾಕಿಸಿ ನನ್ನನ್ನು ನಗೆಪಾಟಲು ಮಾಡುವುದು ಇವರ ಲೆಕ್ಕ ಎಂದುಕೊಂಡೆ. ತಮ್ಮ ಮಗಳ ಮದುವೆಯ ಬ್ಯಾಳಿ ಅನ್ನಕ್ಕೆ ಇದು ಉತ್ತರ ಎಂದುಕೊಂಡೆ.

ಅವರು ಹೇಳುತ್ತಿದ್ದಂತೆ ನಾನು ಬೇರೆಯದನ್ನೇ ಬರೆದೆ. ಮೋತಿಚೂರ ಲಾಡು. ಪೂರಿ. ಎಣ್ಣೆಗಾಯಿ ಬದನೆ. ಮಿರ್ಚಿ ಭಜಿ. ಮಸಾಲೆ ಭಾತ್. ಸಾರು ಖಾರದ್ದು. ಹುಗ್ಗಿ ಬರೆಯಲೇ ಇಲ್ಲ.

"ಓದು ನೋಡೋಣ," ಎಂದರು ವೈನಿ.

ನಾನು ಓದಿದೆ. ಗೋಧಿ ಹುಗ್ಗಿ, ಎರಡು ಸಲ ಕುಟ್ಟಿದ ಗೋಧಿ, ಮೆತ್ತನ್ನ ಅನ್ನ, ಕಟ್ಟಿನ ಸಾರು. ಒಂದೂ ತಪ್ಪದೆ ಅವರು ಹೇಳಿದ್ದನ್ನೇ ಓದಿದೆ. ಅವರು ಕಣ್ಣು ಮುಚ್ಚಿ ಕೇಳಿ ತಲೆಯಾಡಿಸಿದರು. ಮೂವತ್ತು ವರ್ಷ ಓದು ಬಾರದವರಿಗೆ ಕಾಗದ ಓದಿ ಹೇಳಿದವನು ನಾನು. ಸಾವಿನ ಸುದ್ದಿ ಇದ್ದಾಗಲೂ ಒಂದಕ್ಷರ ಮುಚ್ಚಿಟ್ಟವನಲ್ಲ. ಅವತ್ತು ನನ್ನ ಧ್ವನಿ ಕೂಡ ನಡುಗಲಿಲ್ಲ.

ಪಟ್ಟಿ ತೆಗೆದುಕೊಂಡು ಬೀದರಿಗೆ ಹೋದೆ. ನಮ್ಮ ಅಡುಗೆಯ ಉಸ್ತಾದ ಅಲ್ಲಿ ಹಳೇ ಊರಿನಲ್ಲಿದ್ದ. ವೈನಿಯ ಪಟ್ಟಿಗಳನ್ನು ವರ್ಷಗಟ್ಟಲೆ ನೋಡಿದವನು. ಕಾಗದವನ್ನು ಮೇಲಿಂದ ಕೆಳಗೆ ಓದಿ, ಹಿಂದೆ ತಿರುಗಿಸಿ ನೋಡಿದ.

"ಹುಗ್ಗಿ ಇಲ್ಲೇನ್ರಿ?"

"ಈ ಸಲ ಇಲ್ಲ."

"ಹಲಬರ್ಗಾದ ಅಮ್ಮಾನೇ ಹೇಳ್ಯಾರ?"

"ಹೌದು, ಅವರೇ."

"ಅಮ್ಮಾ ಆರಾಮ ಅದಾರಲ್ಲ?" ಎಂದು ಕೇಳಿದ. ಆರಾಮ ಇದ್ದಾರೆ ಎಂದೆ. ನನ್ನ ಮುಖ ನೋಡಿದ, ಕಾಗದ ಜೇಬಿಗಿಟ್ಟ. ಈ ಎರಡನೇ ಸುಳ್ಳು ನಾನು ಮೊದಲೇ ಯೋಚಿಸಿದ್ದಲ್ಲ. ಬಾಯಿಂದ ಬಂದುಬಿಟ್ಟಿತು. ಮುಂದೆ ಎಲ್ಲ ಅಪವಾದವೂ ವೈನಿಯ ಮೇಲೆ ಹೋಗಲು ಅದೇ ದಾರಿಯಾಯಿತು.

ಮದುವೆ ಭಾಲ್ಕಿಯಲ್ಲೇ ಒಂದು ಮಂಗಲ ಕಾರ್ಯಾಲಯದಲ್ಲಿ. ಬೆಳಿಗ್ಗೆ ವೈನಿ ಹಲಬರ್ಗಾದಿಂದ ಬರುವಷ್ಟರಲ್ಲಿ ಲಾಡು ಕಟ್ಟಿಯಾಗಿತ್ತು. ನೇರವಾಗಿ ಅಡುಗೆ ಶೆಡ್ಡಿಗೆ ಹೋದ ಅವರು ಸ್ವಲ್ಪ ಹೊತ್ತಿಗೆ ನನ್ನ ಹತ್ತಿರ ಬಂದರು.

"ಹುಗ್ಗಿ ಎಲ್ಲದ ತಮ್ಮಾ?"

ಮನೆಯ ಹುಡುಗರು ಬದಲು ಮಾಡಿಸಿದ್ದಾರೆ, ನನಗೂ ಈಗಲೇ ಗೊತ್ತಾಯಿತು ಎಂದೆ. ಅವರು ಏನೋ ಹೇಳಲು ಬಾಯಿ ತೆರೆದರು. ಸುತ್ತ ಜನರಿದ್ದರು. ಬಾಯಿ ಮುಚ್ಚಿಕೊಂಡು ಹಾಗೇ ಶೆಡ್ಡಿಗೆ ತಿರುಗಿ ಹೋದರು.

ಅಕ್ಷತೆ ಬಿತ್ತು. ಬೀಗರ ಪಂಕ್ತಿ ಕೂತಿತು. ಗಂಡಿನ ತಂದೆ ನಡುವೆ ಕೂತಿದ್ದರು, ಶಲ್ಯ ಬಾಯಿಗೆ ಇದ್ದೇ ಇತ್ತು. ನಾನು ತುತ್ತು ಹಾಕಲು ಬಗ್ಗುವಷ್ಟರಲ್ಲಿ ವೈನಿ ಹಿಂದಿನಿಂದ ಬಂದರು. ಕೈಯಲ್ಲಿ ಒಂದು ಬಟ್ಟಲು, ಅದರಲ್ಲಿ ಒಂದು ಚಮಚ. "ಇದರಾಗಿಂದ ಹಾಕು," ಎಂದು ಕಿವಿಯಲ್ಲಿ ಹೇಳಿದರು.

ನಾನು ಬಟ್ಟಲು ತೆಗೆದುಕೊಂಡೆ. ಶಾವಿಗೆ ಪಾಯಸ. ಇಡೀ ಮದುವೆಗೆ ಮಾಡದ ಪಾಯಸವನ್ನು ಒಬ್ಬರಿಗಾಗಿ ಮಾಡಿ ತಂದಿದ್ದಾರೆ. ನಮ್ಮ ಕಡೆ ಮದ್ದು ಹಾಕುವುದು ಎಂಬ ನಂಬಿಕೆ ಇದೆ. ಒಬ್ಬರ ಮನಸ್ಸು ಕೆಡಿಸಬೇಕು, ಒಂದು ಮನೆ ಒಡೆಯಬೇಕು ಎಂದರೆ ಊಟದಲ್ಲಿ ಏನೋ ಬೆರೆಸಿ ಕೊಡುತ್ತಾರೆ ಎನ್ನುತ್ತಾರೆ. ನಾನು ಮೆಟ್ರಿಕ್ ಓದಿದವನು, ಅಂಥದ್ದಕ್ಕೆಲ್ಲ ನಗುತ್ತಿದ್ದವನು. ಆದರೂ ಆ ಬಟ್ಟಲನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿದೆ. ಏಲಕ್ಕಿಯ ವಾಸನೆ ಬಂತು. ಅದೂ ಸಾಲಲಿಲ್ಲ. ಬಟ್ಟಲನ್ನು ಹಿಂದಿನ ಕಿಟಕಿಯಲ್ಲಿಟ್ಟು, ಎಲೆಯಿಂದ ಒಂದು ಲಾಡು ಎತ್ತಿಕೊಂಡೆ. ಇಡೀ ಲಾಡು.

ಬೀಗರು ಶಲ್ಯ ಸರಿಸಿ, ಕೈ ಮುಂದೆ ಮಾಡಿ, ಕೈಗೆ ಕೊಡಿ ಎಂಬಂತೆ ಸನ್ನೆ ಮಾಡಿದರು. ನಾನು ಬಿಡಲಿಲ್ಲ. ಸುತ್ತ ನಗೆ ಎದ್ದಿತು. ಔರಾದಿನವರದು ಭಾರೀ ಬಿಗಿ, ಬಾಯಿ ತೆರೆಸ್ರಿ ಎಂದು ನಮ್ಮ ಕಡೆಯವರು ಯಾರೋ ಕೂಗಿದರು. ಅವರ ಹಲ್ಲುಗಳ ನಡುವೆ ಒಂದು ಬೆರಳಿನಷ್ಟು ಸಂದಿ ಮಾತ್ರ ತೆರೆದಿತ್ತು. ಲಾಡು ಪುಡಿಯಾಗಿ ಗದ್ದದ ಮೇಲೆ ಬಿತ್ತು. ಸೊಕ್ಕು ಎಂದುಕೊಂಡು ನಾನು ನಗುತ್ತಲೇ ಒತ್ತಿದೆ. ಅವರು ನರಳಿದರು. ಬಾಯಿಯ ಮೂಲೆ ಸೀಳಿ ಒಂದು ಎಳೆ ರಕ್ತ ಬಂತು. ಆಗ ನಗೆ ನಿಂತಿತು.

ಅವರು ಶಲ್ಯವನ್ನು ಮುಖಕ್ಕೆ ಒತ್ತಿಕೊಂಡು ಎದ್ದರು. ಪಂಕ್ತಿಯ ಹಿರಿಯನೇ ಎದ್ದ ಮೇಲೆ ಔರಾದಿನ ಮಂದಿ ಒಬ್ಬೊಬ್ಬರಾಗಿ ಎದ್ದರು. ಬಡಿಸಿದ ಎಲೆಗಳು ಹಾಗೇ ಉಳಿದವು.

ಬೀಗತಿ ಅಳುತ್ತ ಬಂದದ್ದು ನನ್ನ ಹತ್ತಿರ ಅಲ್ಲ, ವೈನಿಯ ಹತ್ತಿರ. "ನಿಮ್ಮ ಮುಂದ ಎಲ್ಲಾ ಬಿಚ್ಚಿ ಹೇಳಿದ್ದೆ. ನೀವು ಆಣಿ ಮಾಡಿದ್ರಿ," ಎಂದಳು. ಅವಳ ಬಾಯಿಂದಲೇ ಆಗ ನನಗೆ ಎಲ್ಲ ತಿಳಿಯಿತು. ವರ್ಷಗಟ್ಟಲೆ ಗುಟ್ಕಾ ಹಾಕಿ ಆ ಮನುಷ್ಯನ ಬಾಯಿ ಬಿಗಿದುಹೋಗಿತ್ತು. ಒಂದು ಬೆರಳಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ, ಖಾರ ತಾಗಿದರೆ ಬೆಂಕಿ. ಕ್ಯಾನ್ಸರ್ ಅಲ್ಲ ಎಂದು ಡಾಕ್ಟರು ಹೇಳಿದ್ದರೂ ಊರು ಕ್ಯಾನ್ಸರ್ ಎಂದೇ ಅನ್ನುತ್ತದೆ ಎಂದು ಅವರು ಮುಚ್ಚಿಟ್ಟಿದ್ದರು. ನಾನು ಸಂಬಂಧ ಮುರಿಯುತ್ತೇನೆ ಎಂಬ ಹೆದರಿಕೆಯೂ ಇತ್ತು. ಅದು ಸುಳ್ಳು ಹೆದರಿಕೆ ಎಂದು ಹೇಳಲಾರೆ. ಗೊತ್ತಾಗಿದ್ದರೆ ನಾನು ಮುರಿಯುತ್ತಿದ್ದೆನೋ ಏನೋ. ನಮ್ಮ ಮನೆಯಲ್ಲಿ ಮುಟ್ಟದೆ ಬಿಟ್ಟ ತಟ್ಟೆ ನೋಡಿಯೇ ವೈನಿಗೆ ಅನುಮಾನ ಬಂದಿತ್ತು. ಯಾರಿಗೂ ಹೇಳದೆ ಔರಾದಿಗೆ ಹೋಗಿ ಕೇಳಿದ್ದರು. ಯಾರಿಗೂ ಹೇಳುವುದಿಲ್ಲ, ನಿಮ್ಮ ಮರ್ಯಾದೆ ಉಳಿಯುವಂಥ ಊಟ ಮಾಡಿಸುತ್ತೇನೆ ಎಂದು ಆಣೆ ಮಾಡಿ ಬಂದಿದ್ದರು.

ವೈನಿ ಒಂದು ಸಲ ನನ್ನ ಕಡೆ ನೋಡಿದರು. ಅವರಿಗೆ ಅಲ್ಲೇ ಎಲ್ಲ ತಿಳಿಯಿತು ಎಂದು ನನಗೂ ತಿಳಿಯಿತು. ಆಮೇಲೆ ಬೀಗತಿಯ ಕೈ ಹಿಡಿದು, "ನನ್ನಿಂದ ತಪ್ಪಾತು," ಎಂದರು.

ಯಾರು ಹೇಳಿದ ಪಟ್ಟಿ ಎಂದು ನಮ್ಮವರು ಉಸ್ತಾದನನ್ನು ಕೇಳಿದರು. ಹಲಬರ್ಗಾದ ಅಮ್ಮ ಎಂದ ಅವನು. ನಾನು ಅಲ್ಲೇ ನಿಂತಿದ್ದೆ. ವೈನಿ ಊಟ ಮಾಡದೆ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋದರು.

ಅಲ್ಲಿಂದ ಅವರನ್ನು ಯಾರೂ ಪಟ್ಟಿಗೆ ಕರೆಯಲಿಲ್ಲ. ಜನವಾಡದಿಂದ, ಬಗದಲ್‌ನಿಂದ ಬರುವವರು ನಿಂತರು. ನನ್ನ ಮಗಳು ಅವರ ತೊಡೆಯ ಮೇಲೆ ಬೆಳೆದವಳು. ಅವಳೂ ದೊಡವ್ವನ ಮನೆಗೆ ಹೋಗುವುದನ್ನು ಬಿಟ್ಟಳು, ಯಾಕೆಂದರೆ ಔರಾದಿನಲ್ಲಿ ಮೊದಲ ವರ್ಷ ಪೂರ್ತಿ ಅವಳಿಗೆ ಸಿಕ್ಕ ಚುಚ್ಚು ಮಾತೆಲ್ಲ ದೊಡವ್ವನ ಹೆಸರಿನದೇ. ಬೀಗರಿಗೆ ಮುಂದೆ ಆಪರೇಷನ್ ಆಗಿ ಬಾಯಿ ಎರಡು ಬೆರಳು ತೆರೆಯುವಂತಾಯಿತು. ನನ್ನ ಜೊತೆ ಅವರು ಸರಿಯಾಗಿಯೇ ಇದ್ದಾರೆ. ನಿಮಗೆ ಗೊತ್ತಿರಲಿಲ್ಲ, ಬಿಡಿ ಎಂದರು. ಅವರ ಆ ಕ್ಷಮೆಯನ್ನು ನಾನು ಕಳ್ಳ ಮಾಲಿನಂತೆ ಇಟ್ಟುಕೊಂಡೆ.

ಈ ವರ್ಷ ನನ್ನ ಕಿರಿಯ ಮಗನ ಮದುವೆ ಗೊತ್ತಾಗಿದೆ. ಹುಡುಗಿ ಬೀದರಿನವಳು. ಊಟದ ಮಾತಿಗೆ ಎಲ್ಲರೂ ಕೂತಿದ್ದೆವು. ಮಗಳೂ ಔರಾದಿನಿಂದ ಬಂದಿದ್ದಳು. ಪಾನಿಪೂರಿ ಒಂದು ಕಡೆ, ದೋಸೆ ಒಂದು ಕಡೆ ಇಡಿಸೋಣ ಎಂದು ಮಗ ಹೇಳುತ್ತಿದ್ದ. ನನ್ನ ಹೆಂಡತಿ, ವೈನಿಯನ್ನು ಒಂದು ಮಾತು ಕೇಳೋಣವೇ ಎಂದಳು.

"ಬ್ಯಾಡವ್ವ," ಎಂದಳು ಮಗಳು. "ಒಮ್ಮೆ ಕೇಳಿದ್ದೇ ಸಾಕಾಗ್ಯಾದ."

ಆ ಮಾತನ್ನು ನಾನು ಬೇರೆಯವರ ಬಾಯಲ್ಲಿ ಎಷ್ಟೋ ಸಲ ಕೇಳಿ ಸುಮ್ಮನಿದ್ದೆ. ಮಗಳು ಅದನ್ನು ಸಿಟ್ಟಿಲ್ಲದೆ, ಎಂದೋ ತೀರ್ಮಾನವಾದ ವಿಷಯದಂತೆ ಹೇಳಿದಳು. ಅದಕ್ಕೇ ತಡೆಯಲಾಗಲಿಲ್ಲವೇನೋ. "ಆ ಪಟ್ಟಿ ದೊಡವ್ವಂದಲ್ಲ. ನಾ ಬರದಿದ್ದು," ಎಂದೆ. ಹನಿಯ ಶೀಶೆಯಿಂದ ಹಿಡಿದು ಕಿಟಕಿಯಲ್ಲಿಟ್ಟ ಬಟ್ಟಲಿನವರೆಗೆ ಎಲ್ಲ ಹೇಳಿದೆ.

"ಆ ಬಟ್ಟಲದಾಗ ಏನಿತ್ತು?" ಎಂದು ಕೇಳಿದಳು ಮಗಳು.

"ಶಾವಿಗಿ ಪಾಯಸ. ನಾ ಮೂಸಿ ನೋಡಿ ಇಟ್ಟೆ."

"ಮೂಸಿ ನೋಡಿದ್ರಿ," ಎಂದಳು.

ಮರುದಿನ ಬೆಳಿಗ್ಗೆ ಅವಳು ಹಲಬರ್ಗಾಕ್ಕೆ ಹೊರಟಳು. ನಾನೂ ಹಿಂದೆ ಹೋದೆ. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು. ವೈನಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ಮಗಳು ಅವರ ಪಕ್ಕ ಕೂತು ಮೊರಕ್ಕೆ ಕೈ ಹಾಕಿದಳು, ಅಳಲು ಶುರು ಮಾಡಿದಳು. ವೈನಿ ಅವಳನ್ನು ನೋಡಿ, ಆಮೇಲೆ ನನ್ನನ್ನು ನೋಡಿ, "ಹೇಳ್ದಿ?" ಎಂದರು.

ಹೇಳಿದೆ ಎಂದೆ. ಇಷ್ಟು ವರ್ಷ ನೀವು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹುಡುಗಿ ಅದೇ ಮನ್ಯಾಗ ಬಾಳಬೇಕಿತ್ತು. ಅವರಪ್ಪ ಬೇಕಂತ ಮಾಡ್ಯಾನ ಅಂದ್ರ ಅಕಿನ ಇಟ್ಕೋತಿದ್ರೇನು? ನನ್ನ ಬೈದ್ರ ಬೈಕೊಳ್ಳಿ ಅಂದೆ." ಒಂದು ಕಲ್ಲು ಆರಿಸಿ ಎಸೆದರು. "ನೀ ನನ್ನ ಕೇಳಬೇಕಿತ್ತು, ಔರಾದಕ್ಕ ಯಾಕ ಹೋಗಿದ್ದಿ ಅಂತ."

"ಕೇಳಿದ್ರ ಹೇಳ್ತಿದ್ರೇನ್ರಿ?"

"ಇಲ್ಲ. ಆಣಿ ಇತ್ತು, ಹೇಳ್ತಿರಲಿಲ್ಲ. ಆದ್ರ ನೀ ಕೇಳ್ದಿ ಅಂತ ಆಗ್ತಿತ್ತು."

ನಾನು ಕೈ ಮುಗಿದೆ. ಅವರು ಅದನ್ನು ನೋಡಲಿಲ್ಲ. ಮಗನ ಮದುವೆಯ ಪಟ್ಟಿ ನೀವೇ ಹೇಳಬೇಕು ಎಂದು ಮಗಳು ಹಟ ಹಿಡಿದಳು. ನನಗೆ ವಯಸ್ಸಾಯಿತು, ಈಗಿನವರ ಊಟ ನನಗೆ ತಿಳಿಯುವುದಿಲ್ಲ ಎಂದು ವೈನಿ ಬಹಳ ಹೊತ್ತು ಒಪ್ಪಲಿಲ್ಲ. ಕೊನೆಗೆ ಬೀದರಿನಿಂದ ಎಷ್ಟು ಮಂದಿ, ಹುಡುಗಿಯ ತಂದೆ ತಾಯಿ ಹೇಗಿದ್ದಾರೆ, ಏನು ಉಣ್ಣುತ್ತಾರೆ ಎಂದು ಕೇಳತೊಡಗಿದರು. ನಾನು ರೂಢಿಯಂತೆ ಜೇಬಿನಿಂದ ಪೆನ್ನು ತೆಗೆದೆ.

"ನೀ ಬ್ಯಾಡ," ಎಂದರು ವೈನಿ. "ಅಕಿ ಬರೀತಾಳ. ಬರದಿದ್ದನ್ನ ಬಾಜೂ ಮನಿ ಮಾಸ್ತರ ಕಡಿಂದ ಇನ್ನೊಮ್ಮೆ ಓದಸ್ತೇನಿ."

ಸ್ವಂತ ದೊಡವ್ವ ತನ್ನ ಬರಹವನ್ನೂ ಇನ್ನೊಬ್ಬರಿಂದ ಓದಿಸಿ ನೋಡುತ್ತೇನೆ ಎಂದರೂ ಮಗಳು ಬೇಸರ ಮಾಡಿಕೊಳ್ಳಲಿಲ್ಲ. ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ನಾನು ಎದ್ದು ಮಾಸ್ತರರು ಮನೆಯಲ್ಲಿದ್ದಾರೆಯೇ ನೋಡಿ ಬರಲು ಹೋದೆ.